ಎಚ್‌ಟಿಪಿಸಿಯ ಧ್ವನಿ ಟಿವಿಗೂ ಬೇಕು, ರಿಸೀವರಿಗೂ ಬೇಕು: ಜೋಡಣೆ ಹಂತ ಹಂತವಾಗಿ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ, ಮಳೆ ಹಿಡಿದು ಎಲ್ಲರೂ ಮನೆಯೊಳಗೆ ಕೂರುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರತೊಡಗುತ್ತದೆ. "ಟಿವಿಗೆ ಕಂಪ್ಯೂಟರ್ ಜೋಡಿಸಿದ್ದೇನೆ. ಸಿನಿಮಾ ಅಥವಾ ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಧ್ವನಿ ರಿಸೀವರಿನಲ್ಲಿ ಬರಬೇಕು. ಅಮ್ಮ ವಾರ್ತೆ ನೋಡುವಾಗ ಟಿವಿ ಸ್ಪೀಕರೇ ಸಾಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಏನು ಮಾಡುವುದು?"

ಕೇಳುವವರಲ್ಲಿ ಹೆಚ್ಚಿನವರು ವಿಂಡೋಸಿನ ಸೆಟ್ಟಿಂಗ್ಸ್ ಒಳಗೆ ಗಂಟೆಗಟ್ಟಲೆ ಹುಡುಕಿ ಸೋತಿರುತ್ತಾರೆ. ಉತ್ತರ ಇರುವುದು ವಯರು ಯಾವ ದಾರಿಯಲ್ಲಿ ಹೋಗಿದೆ ಎಂಬುದರಲ್ಲಿ. ದಾರಿ ಸರಿಯಿದ್ದರೆ ಸೆಟ್ಟಿಂಗ್ಸ್ ಹತ್ತು ನಿಮಿಷದ ಕೆಲಸ.

ಮುಂದೆ ಬರುವ ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಎಚ್‌ಟಿಪಿಸಿ ಅಂದರೆ ಟಿವಿಯ ಪಕ್ಕದಲ್ಲಿಟ್ಟು ಸಿನಿಮಾ, ಹಾಡು, ಓಟಿಟಿಗೆಂದೇ ಬಳಸುವ ಕಂಪ್ಯೂಟರ್. ಎವಿ ರಿಸೀವರ್ ಅಂದರೆ ಚಿತ್ರ ಮತ್ತು ಧ್ವನಿ ಎರಡನ್ನೂ ಒಳಗೆ ತೆಗೆದುಕೊಂಡು, ಧ್ವನಿಯನ್ನು ತನ್ನ ಸ್ಪೀಕರುಗಳಿಗೆ ಹಂಚಿ, ಚಿತ್ರವನ್ನು ಟಿವಿಗೆ ದಾಟಿಸುವ ಆಂಪ್ಲಿಫೈಯರ್. ಪಿಸಿಎಂ ಎಂದರೆ ಕಟ್ಟು ಬಿಚ್ಚಿದ ಧ್ವನಿ. ಯಾವ ಟಿವಿಯಾದರೂ ಸ್ಟೀರಿಯೋ ಪಿಸಿಎಂ ನುಡಿಸುತ್ತದೆ. ಡಾಲ್ಬಿ, ಡಿಟಿಎಸ್ ಕಟ್ಟಿ ಕಳುಹಿಸುವ ಪೊಟ್ಟಣಗಳು. ತಲುಪಿದ ಕಡೆ ಬಿಚ್ಚಲು ಬರಬೇಕು. ಆ ಪೊಟ್ಟಣವನ್ನು ಕಂಪ್ಯೂಟರ್ ತಾನು ಬಿಚ್ಚದೆ ಹಾಗೆಯೇ ಮುಂದೆ ಕಳುಹಿಸುವುದಕ್ಕೆ ಪಾಸ್‌ಥ್ರೂ ಎನ್ನುತ್ತಾರೆ. ಇನ್ನು ಇಡಿಐಡಿ. ವಯರು ಚುಚ್ಚಿದ ಕೂಡಲೇ ಟಿವಿ ಅಥವಾ ರಿಸೀವರ್ "ನನ್ನ ಕೈಲಿ ಇಷ್ಟು ರೆಸಲ್ಯೂಷನ್, ಇಷ್ಟು ಚಾನೆಲ್ ಧ್ವನಿ ಆಗುತ್ತದೆ" ಎಂದು ಕಂಪ್ಯೂಟರಿಗೆ ಕೊಡುವ ಪರಿಚಯ ಚೀಟಿ ಅದು. ನಮ್ಮ ಅರ್ಧದಷ್ಟು ತೊಂದರೆಗಳು ಈ ಚೀಟಿಯಿಂದಲೇ ಹುಟ್ಟುತ್ತವೆ.

ಹಂತ 1: "ಎರಡಕ್ಕೂ" ಅಂದರೆ ಏನೆಂದು ತೀರ್ಮಾನಿಸಿ

ಎರಡರಲ್ಲೂ ಧ್ವನಿ ಬೇಕು ಎನ್ನುವವರಲ್ಲಿ ಎರಡು ಬಗೆಯವರಿದ್ದಾರೆ. ಒಮ್ಮೆ ಇದರಲ್ಲಿ, ಇನ್ನೊಮ್ಮೆ ಅದರಲ್ಲಿ ಬಂದರೆ ಸಾಕು ಎನ್ನುವವರು ಮೊದಲ ಬಗೆ. ಒಂದೇ ಹೊತ್ತಿಗೆ ಎರಡರಲ್ಲೂ ಬರಬೇಕು ಎನ್ನುವವರು ಎರಡನೆಯ ಬಗೆ. ಇವೆರಡಕ್ಕೆ ಪರಿಹಾರ ಬೇರೆ ಬೇರೆ, ಕಷ್ಟವೂ ಬೇರೆ ಬೇರೆ.

ಒಂದೇ ಕೋಣೆಯಲ್ಲಿ ಟಿವಿ ಸ್ಪೀಕರನ್ನೂ ರಿಸೀವರಿನ ಸ್ಪೀಕರನ್ನೂ ಒಟ್ಟಿಗೆ ನುಡಿಸಿ ಶಬ್ದ ಜೋರು ಮಾಡುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಟಿವಿ ಧ್ವನಿಯನ್ನು ಹೊರಡಿಸಲು ತೆಗೆದುಕೊಳ್ಳುವ ಸಮಯ, ರಿಸೀವರ್ ತೆಗೆದುಕೊಳ್ಳುವ ಸಮಯ ಒಂದೇ ಅಲ್ಲ. ಹತ್ತಾರು ಮಿಲಿಸೆಕೆಂಡು ಅಂತರ ಬಿದ್ದರೆ ಸಾಕು, ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಚೆಂಡೆಯಂಥ ಚುರುಕು ಪೆಟ್ಟಿನ ವಾದ್ಯದಲ್ಲಿ ಇದು ಮೊದಲು ಗೊತ್ತಾಗುತ್ತದೆ: ಒಂದೇ ಪೆಟ್ಟು ಎರಡಾಗಿ ಒಡೆಯುತ್ತದೆ, ಭಾಗವತರ ಸಾಹಿತ್ಯ ಮಸುಕಾಗುತ್ತದೆ. ಮಾತು ಸ್ಪಷ್ಟವಿಲ್ಲ ಎಂಬುದೇ ನಿಮ್ಮ ದೂರಾದರೆ ರಿಸೀವರಿನಲ್ಲಿ ಸೆಂಟರ್ ಸ್ಪೀಕರಿನ ಮಟ್ಟವನ್ನು 2ರಿಂದ 3 ಡೆಸಿಬೆಲ್ ಏರಿಸಿ. ಅದು ನಿಜವಾದ ಮದ್ದು.

ಒಟ್ಟಿಗೆ ಬೇಕೆನ್ನಲು ನ್ಯಾಯವಾದ ಕಾರಣಗಳೂ ಇವೆ. ಕಿವಿ ಮಂದವಾದ ಅಜ್ಜಿ ಟಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು, ಉಳಿದವರು ಸ್ಪೀಕರಿನಲ್ಲಿ ಕೇಳಬೇಕು. ಅಥವಾ ಎರಡನೆಯ ಟಿವಿ ಬೇರೆ ಕೋಣೆಯಲ್ಲಿದೆ. ಅಂಥವರಿಗೆ ಹಂತ 7 ಇದೆ.

ಹಂತ 2: ಸಾಮಾನುಗಳ ಹಿಂಬದಿ ನೋಡಿ ಬರೆದುಕೊಳ್ಳಿ

ಟಾರ್ಚ್ ಹಿಡಿದು ಟಿವಿಯ ಹಿಂದೆ ನೋಡಿ. ಎಚ್‌ಡಿಎಂಐ (ಚಿತ್ರ, ಧ್ವನಿ ಎರಡೂ ಒಂದೇ ವಯರಿನಲ್ಲಿ ಹೋಗುವ) ಕಿಂಡಿಗಳಲ್ಲಿ ಒಂದರ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಟಿವಿಯಿಂದ ಧ್ವನಿ ಅದೇ ವಯರಿನಲ್ಲಿ ಹಿಂದಕ್ಕೆ ರಿಸೀವರಿಗೆ ಬರುವ ದಾರಿ ಅದು. ಎಆರ್‌ಸಿ ಬಂದದ್ದು ಎಚ್‌ಡಿಎಂಐ 1.4ರ ಜೊತೆ, 2009ರಲ್ಲಿ. ಅದರಲ್ಲಿ ಸ್ಟೀರಿಯೋ ಪಿಸಿಎಂ ಮತ್ತು ಕಟ್ಟಿದ ಡಾಲ್ಬಿ ಡಿಜಿಟಲ್‌ನಂಥ 5.1 ಧ್ವನಿ (ಐದು ಸ್ಪೀಕರು, ಒಂದು ಸಬ್‌ವೂಫರಿಗೆ ಬೇರೆ ಬೇರೆ ಚಾನೆಲ್; 7.1 ಅಂದರೆ ಏಳು ಸ್ಪೀಕರು, ಒಂದು ಸಬ್‌ವೂಫರ್) ಹೋಗುತ್ತದೆ. ಇಎಆರ್‌ಸಿ ಬಂದದ್ದು ಎಚ್‌ಡಿಎಂಐ 2.1ರ ಜೊತೆ, 2017ರಲ್ಲಿ. ಅದು 8 ಚಾನೆಲ್ ಪಿಸಿಎಂ, ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್‌-ಎಚ್‌ಡಿಯಂಥ ದೊಡ್ಡ ಪೊಟ್ಟಣಗಳನ್ನೂ ಹೊರುತ್ತದೆ. ಇಎಆರ್‌ಸಿ ಕೆಲಸ ಮಾಡಬೇಕಾದರೆ ಟಿವಿ, ರಿಸೀವರ್ ಎರಡರಲ್ಲೂ ಅದು ಇರಬೇಕು.

ರಿಸೀವರಿನ ಹಿಂದೆ ಎಚ್‌ಡಿಎಂಐ ಒಳಬಾಗಿಲು, ಹೊರಬಾಗಿಲು ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಅದು ಹಳೆಯದು. ಆಪ್ಟಿಕಲ್ ಕಿಂಡಿ ಹುಡುಕಿ. ಚಿಕ್ಕ ಚೌಕ ಮುಚ್ಚಳವಿದ್ದು, ಧ್ವನಿ ಹೊರಡುವ ಕಡೆಯ ಕಿಂಡಿಯಲ್ಲಿ ಕೆಂಪು ಬೆಳಕು ಕಾಣುವುದೇ ಆಪ್ಟಿಕಲ್. ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಎಚ್‌ಡಿಎಂಐ ಕಿಂಡಿಯನ್ನೇ ಬಳಸಬೇಕು, ಮದರ್‌ಬೋರ್ಡಿನದ್ದಲ್ಲ. ಮದರ್‌ಬೋರ್ಡಿನಲ್ಲಿ ಆಪ್ಟಿಕಲ್ ಇದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ವಯರಿನ ವಿಷಯ. 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮಿನಲ್ಲಿ ಬೇಕಾದರೆ ಪ್ರೀಮಿಯಂ ಹೈಸ್ಪೀಡ್ ಎಂಬ ಗುರುತಿನ, 18 ಗಿಗಾಬಿಟ್‌ನ ಕೇಬಲ್ ತನ್ನಿ. 120 ಫ್ರೇಮ್ ಬೇಕಾದರೆ ಅಲ್ಟ್ರಾ ಹೈಸ್ಪೀಡ್, ಅಂದರೆ 48 ಗಿಗಾಬಿಟ್. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಕೇಳುವಾಗ ಬರೇ "4ಕೆ ಕೇಬಲ್" ಎನ್ನದೆ ಈ ಹೆಸರಿನಿಂದಲೇ ಕೇಳಿ. 5 ಮೀಟರಿಗಿಂತ ಉದ್ದದ ಸಾದಾ ತಾಮ್ರದ ಕೇಬಲಿನಲ್ಲಿ 4ಕೆ ನೆಚ್ಚಿಕೊಳ್ಳಬೇಡಿ. ಕಂಪ್ಯೂಟರನ್ನು ರಿಸೀವರಿನ ಪಕ್ಕಕ್ಕೆ ತಂದಿಟ್ಟರೆ ಒಂದು ಕೇಬಲ್ 1 ಅಥವಾ 1.5 ಮೀಟರಿನಲ್ಲಿ ಮುಗಿಯುತ್ತದೆ.

ಹಂತ 3: ದಾರಿ ಆರಿಸಿ

ದಾರಿ ಒಂದು: ಕಂಪ್ಯೂಟರ್, ಅಲ್ಲಿಂದ ರಿಸೀವರ್, ಅಲ್ಲಿಂದ ಟಿವಿ. ನಿಮ್ಮ ರಿಸೀವರ್ 4ಕೆ ದಾಟಿಸುತ್ತದಾದರೆ ಇದನ್ನೇ ಮಾಡಿ. ಕಂಪ್ಯೂಟರಿನ ಎಚ್‌ಡಿಎಂಐಯಿಂದ ರಿಸೀವರಿನ ಒಳಬಾಗಿಲಿಗೆ ಒಂದು ಕೇಬಲ್. ರಿಸೀವರಿನ ಹೊರಬಾಗಿಲಿನಿಂದ ಟಿವಿಯ ಎಆರ್‌ಸಿ ಕಿಂಡಿಗೆ ಇನ್ನೊಂದು. ಎರಡೇ ಕೇಬಲ್. ಪರಿಚಯ ಚೀಟಿ ರಿಸೀವರಿನದ್ದೇ ಆದ್ದರಿಂದ ಕಂಪ್ಯೂಟರಿಗೆ 5.1, 7.1 ಎಲ್ಲ ಕಾಣುತ್ತದೆ. ರಿಸೀವರ್ ಆಫ್ ಮಾಡಿದಾಗ ಧ್ವನಿ ಟಿವಿಗೆ ದಾಟುವಂತೆ ಮಾಡುವುದು ಮುಂದಿನ ಹಂತದಲ್ಲಿದೆ.

ಇದರಲ್ಲಿ ಎಡವುವುದು ಎಲ್ಲಿ? ವಿಂಡೋಸಿನಲ್ಲಿ "ಟಿವಿ" ಒಂದು, "ರಿಸೀವರ್" ಒಂದು ಎಂದು ಎರಡು ಸಾಧನ ಹುಡುಕುವುದರಲ್ಲಿ. ಈ ದಾರಿಯಲ್ಲಿ ಕಂಪ್ಯೂಟರಿಗೆ ಕಾಣುವುದು ಒಂದೇ ಹೆಸರು. ಟಿವಿಗೆ ಕಳುಹಿಸಬೇಕೋ ತಾನೇ ನುಡಿಸಬೇಕೋ ಎಂದು ತೀರ್ಮಾನಿಸುವುದು ರಿಸೀವರ್. ಎರಡನೆಯ ಹೆಸರು ಕಾಣಲಿಲ್ಲ ಎಂದು ಡ್ರೈವರ್ ಅಳಿಸಿ ಹಾಕುತ್ತ ಕೂರಬೇಡಿ.

ದಾರಿ ಎರಡು: ಕಂಪ್ಯೂಟರ್, ಅಲ್ಲಿಂದ ಟಿವಿ, ಅಲ್ಲಿಂದ ಎಆರ್‌ಸಿ ಮೂಲಕ ರಿಸೀವರ್. ರಿಸೀವರಿಗೆ 4ಕೆ ಬಾರದಿದ್ದರೆ, ಅಥವಾ 120 ಫ್ರೇಮಿನಲ್ಲಿ ಗೇಮ್ ಆಡುವ ಮಕ್ಕಳಿದ್ದರೆ ಇದು ಸರಿ. ಹಿರಿಯರಿಗೂ ಸುಲಭ: ಟಿವಿ ರಿಮೋಟಿನಲ್ಲಿ ಸೌಂಡ್ ಔಟ್‌ಪುಟ್ ಎಂಬಲ್ಲಿ ಟಿವಿ ಸ್ಪೀಕರ್ ಅಥವಾ ಆಡಿಯೋ ಸಿಸ್ಟಂ ಆರಿಸಿದರೆ ಮುಗಿಯಿತು. ಆದರೆ ಇಲ್ಲಿ ಯಜಮಾನಿಕೆ ಟಿವಿಯದ್ದು. ಅದರ ಚೀಟಿಯಲ್ಲಿ ಬರೇ ಸ್ಟೀರಿಯೋ ಎಂದಿದ್ದರೆ ವಿಂಡೋಸ್ 5.1 ತೋರಿಸುವುದೇ ಇಲ್ಲ. ಸಾದಾ ಎಆರ್‌ಸಿ ಇದ್ದರೆ ಬಹುಚಾನೆಲ್ ಪಿಸಿಎಂ ದಾಟುವುದಿಲ್ಲ. ಕೆಲವು ಟಿವಿಗಳು ಡಿಟಿಎಸ್ ಪೊಟ್ಟಣವನ್ನು ಮುಂದೆ ಬಿಡುವುದೇ ಇಲ್ಲ. ಡಾಲ್ಬಿ ಸಿನಿಮಾ ಚೆನ್ನಾಗಿ ಓಡಿ ಡಿಟಿಎಸ್ ಸಿನಿಮಾ ಮೂಕವಾದರೆ ತಪ್ಪು ರಿಸೀವರಿನದ್ದಲ್ಲ, ನಡುವಿನ ಟಿವಿಯದ್ದು.

ದಾರಿ ಮೂರು: ಚಿತ್ರ ಮತ್ತು ಧ್ವನಿ ಎಚ್‌ಡಿಎಂಐಯಲ್ಲಿ ಟಿವಿಗೆ, ಧ್ವನಿ ಮಾತ್ರ ಆಪ್ಟಿಕಲ್ ಕೇಬಲಿನಲ್ಲಿ ಕಂಪ್ಯೂಟರಿನಿಂದ ರಿಸೀವರಿಗೆ. ಎಚ್‌ಡಿಎಂಐ ಇಲ್ಲದ ಹಳೆಯ ಒಳ್ಳೆಯ ರಿಸೀವರ್ ಎಷ್ಟೋ ಮನೆಗಳ ಚಾವಡಿಯಲ್ಲಿ ಈಗಲೂ ಇದೆ. ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಆಪ್ಟಿಕಲಿನಲ್ಲಿ ಸ್ಟೀರಿಯೋ ಪಿಸಿಎಂ, ಡಾಲ್ಬಿ ಡಿಜಿಟಲ್ 5.1, ಡಿಟಿಎಸ್ 5.1 ಹೋಗುತ್ತವೆ. ಟ್ರೂಎಚ್‌ಡಿ, ಡಿಟಿಎಸ್‌-ಎಚ್‌ಡಿ ಹೋಗುವುದಿಲ್ಲ. ಗೇಮಿನ 5.1 ಧ್ವನಿ ಪಿಸಿಎಂ ಆದ್ದರಿಂದ ಅದೂ ಸ್ಟೀರಿಯೋ ಆಗಿಯೇ ತಲುಪುತ್ತದೆ. ಇಲ್ಲಿ ಕಂಪ್ಯೂಟರಿಗೆ ನಿಜವಾಗಿಯೂ ಎರಡು ಸಾಧನಗಳು ಕಾಣುತ್ತವೆ. ಹಂತ 6ರಲ್ಲಿ ಹೇಳುವ ಸೊಗಸಾದ ಏರ್ಪಾಡು ಇದರಿಂದಲೇ ಸಾಧ್ಯ.

ಗ್ರಾಫಿಕ್ಸ್ ಕಾರ್ಡಿನ ಎರಡು ಕಿಂಡಿಗಳಿಂದ ಟಿವಿಗೊಂದು, ರಿಸೀವರಿಗೊಂದು ಕೇಬಲ್ ಎಳೆಯುವವರೂ ಇದ್ದಾರೆ. ಆಗುತ್ತದೆ. ಆದರೆ ವಿಂಡೋಸ್ ರಿಸೀವರನ್ನು ಎರಡನೆಯ ಮಾನಿಟರ್ ಎಂದೇ ತಿಳಿಯುತ್ತದೆ. ಚಿತ್ರ ಹೋಗದೆ ಎಚ್‌ಡಿಎಂಐಯಲ್ಲಿ ಧ್ವನಿ ಮಾತ್ರ ಹೋಗುವುದಿಲ್ಲವಾದ್ದರಿಂದ ಆ ಕಾಣದ ಮಾನಿಟರನ್ನು ಆಫ್ ಮಾಡುವಂತಿಲ್ಲ. ಮೌಸಿನ ಬಾಣ ಅದರೊಳಗೆ ಹೊಕ್ಕು ಮಾಯವಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಆ ಮಾನಿಟರಿನ ಚೌಕವನ್ನು ಎಳೆದು, ಮೊದಲ ಚೌಕದ ಮೂಲೆಗೆ ಮೂಲೆ ಮಾತ್ರ ತಾಗುವಂತೆ ಇಟ್ಟರೆ ಬಾಣ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಅಗ್ಗದ ಎಚ್‌ಡಿಎಂಐ ಸ್ಪ್ಲಿಟರ್ ತಂದು ಒಂದನ್ನು ಎರಡು ಮಾಡುವ ಯೋಚನೆ ಬೇಡ. ಎರಡು ಚೀಟಿಗಳಲ್ಲಿ ಕಡಿಮೆ ಇರುವುದನ್ನೇ ಅದು ಕಂಪ್ಯೂಟರಿಗೆ ತೋರಿಸುವುದು ಸಾಮಾನ್ಯ. ಟಿವಿ ಸ್ಟೀರಿಯೋ ಎಂದರೆ ರಿಸೀವರಿಗೂ ಸ್ಟೀರಿಯೋವೇ. ಕಂಪ್ಯೂಟರಿನಲ್ಲಿ ಆಪ್ಟಿಕಲ್ ಇಲ್ಲದೆ ಹಳೆಯ ರಿಸೀವರಿಗೆ ಧ್ವನಿ ಕೊಡಬೇಕೆಂದರೆ (ಆಗ ಕಂಪ್ಯೂಟರಿಗೆ ಕಾಣುವುದು ಒಂದೇ ಸಾಧನ) ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ಕೇಳಿ. ಎಚ್‌ಡಿಎಂಐ ಸಿಗ್ನಲಿನಿಂದ ಧ್ವನಿಯನ್ನು ಹೊರತೆಗೆದು ಆಪ್ಟಿಕಲಿಗೆ ಕೊಡುವ ಚಿಕ್ಕ ಪೆಟ್ಟಿಗೆ. ಅದರ ಮೈಮೇಲೆ ಪಾಸ್, 2 ಚಾನೆಲ್, 5.1 ಎಂಬ ಸ್ವಿಚ್ ಇರುವುದನ್ನೇ ಕೊಳ್ಳಿ. ಚೀಟಿಯನ್ನು ಬದಲಿಸುವ ಸ್ವಿಚ್ ಅದು. 5.1ರಲ್ಲಿಟ್ಟರೆ ರಿಸೀವರಿಗೆ ಡಾಲ್ಬಿ ಸಿಗುತ್ತದೆ, ಆಗ ಟಿವಿ ಸ್ಪೀಕರ್ ಮೂಕವಾಗಬಹುದು.

ಹಂತ 4: ರಿಸೀವರ್ ಮತ್ತು ಟಿವಿಯ ಮೆನು

ದಾರಿ ಒಂದರಲ್ಲಿ ಇರುವವರು ರಿಸೀವರಿನ ಎಚ್‌ಡಿಎಂಐ ಸೆಟಪ್ ತೆರೆದು ಮೂರು ಸಂಗತಿ ನೋಡಬೇಕು.

1. ಎಚ್‌ಡಿಎಂಐ ಕಂಟ್ರೋಲ್ ಆನ್ ಮಾಡಿ. ಇದಕ್ಕೆ ಸಿಇಸಿ ಎಂಬ ಹೆಸರೂ ಇದೆ. ಒಂದು ರಿಮೋಟಿನಿಂದ ಇನ್ನೊಂದು ಸಾಧನವನ್ನು ನಡೆಸುವ ವ್ಯವಸ್ಥೆ. ಟಿವಿಯಲ್ಲೂ ಆನ್ ಮಾಡಬೇಕು. ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂದಿರುತ್ತದೆ. ಸಾಮಾನ್ಯ ಗ್ರಾಫಿಕ್ಸ್ ಕಾರ್ಡುಗಳಿಗೆ ಸಿಇಸಿ ಬರುವುದಿಲ್ಲವಾದ್ದರಿಂದ ಕಂಪ್ಯೂಟರ್ ಆನ್ ಮಾಡಿದರೆ ಟಿವಿ ತಾನಾಗಿ ಎದ್ದೇಳುವುದಿಲ್ಲ, ಅದು ದೋಷವಲ್ಲ.

2. ಸ್ಟ್ಯಾಂಡ್‌ಬೈಯಲ್ಲಿ ದಾಟಿಸುವ ಆಯ್ಕೆ. ಡೆನಾನ್‌ನಲ್ಲಿ ಎಚ್‌ಡಿಎಂಐ ಪಾಸ್ ಥ್ರೂ, ಯಮಾಹಾದಲ್ಲಿ ಸ್ಟ್ಯಾಂಡ್‌ಬೈ ಥ್ರೂ ಎಂದು ಕರೆಯುತ್ತಾರೆ. ಇದು ಆನ್ ಇದ್ದರೆ ರಿಸೀವರನ್ನು ಆಫ್ ಮಾಡಿದ ಮೇಲೂ ಚಿತ್ರ ಮತ್ತು ಧ್ವನಿ ಟಿವಿಗೆ ಹೋಗುತ್ತಲೇ ಇರುತ್ತದೆ. ಅಮ್ಮನಿಗೆ ಹೇಳಿಕೊಡಬೇಕಾದದ್ದು ಒಂದೇ ಮಾತು: "ರಿಸೀವರ್ ಆಫ್ ಮಾಡಿದರೆ ಟಿವಿಯಲ್ಲಿ ಕೇಳುತ್ತದೆ." ಗೋಡೆಯ ಸ್ವಿಚ್ ಆಫ್ ಮಾಡಿದರೆ ಮಾತ್ರ ಚಿತ್ರವೂ ನಿಂತುಹೋಗುತ್ತದೆ, ಅದನ್ನೂ ಹೇಳಿಡಿ. ಸ್ಟ್ಯಾಂಡ್‌ಬೈಯಲ್ಲೂ ರಿಸೀವರ್ ಸ್ವಲ್ಪ ವಿದ್ಯುತ್ ಎಳೆಯುತ್ತದೆ, ಬೆಚ್ಚಗಿರುತ್ತದೆ. ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ.

3. ಎಚ್‌ಡಿಎಂಐ ಆಡಿಯೋ ಔಟ್. ರಿಸೀವರ್ ಆನ್ ಇದ್ದಾಗ ಧ್ವನಿ ಎಲ್ಲಿಗೆ ಎಂಬ ಆಯ್ಕೆ. ಡೆನಾನ್‌ನಲ್ಲಿ ಎವಿಆರ್ ಅಥವಾ ಟಿವಿ. ಸೋನಿಯಲ್ಲಿ ಆಂಪ್, ಅಥವಾ ಟಿವಿ ಮತ್ತು ಆಂಪ್ ಎರಡೂ. ಓಂಕ್ಯೋದಲ್ಲಿ ಆಡಿಯೋ ಟಿವಿ ಔಟ್. ಮಾಮೂಲಿಗೆ ಎವಿಆರ್ ಅಥವಾ ಆಂಪ್‌ನಲ್ಲೇ ಇರಲಿ. ಎರಡೂ ಎಂದು ಆರಿಸಿದರೆ ಟಿವಿಯ ಚೀಟಿಗೆ ತಕ್ಕಂತೆ ಧ್ವನಿ ಸ್ಟೀರಿಯೋಕ್ಕೆ ಇಳಿಯಬಹುದು. "ಮೊನ್ನೆವರೆಗೆ 5.1 ಬರುತ್ತಿತ್ತು, ಈಗ ಹಿಂದಿನ ಸ್ಪೀಕರ್ ಸತ್ತಿದೆ" ಎನ್ನುವವರು ಸ್ಪೀಕರ್ ವಯರು ಎಳೆದು ನೋಡುವ ಮೊದಲು ಈ ಒಂದು ಸಾಲು ನೋಡಲಿ.

ದಾರಿ ಎರಡರವರು ಟಿವಿಯಲ್ಲಿ ಡಿಜಿಟಲ್ ಆಡಿಯೋ ಔಟ್ ಎಂಬುದನ್ನು ಪಿಸಿಎಂನಿಂದ ಪಾಸ್ ಥ್ರೂ ಅಥವಾ ಆಟೋಗೆ ಬದಲಿಸಿ. ಇಎಆರ್‌ಸಿ ಇದ್ದರೆ ಅದನ್ನು ಬೇರೆಯಾಗಿ ಆನ್ ಮಾಡಬೇಕಾಗಬಹುದು.

ಹಂತ 5: ವಿಂಡೋಸ್

ಮೊದಲು ಟಿವಿ, ನಂತರ ರಿಸೀವರ್, ಕೊನೆಗೆ ಕಂಪ್ಯೂಟರ್ ಆನ್ ಮಾಡಿ. ಕಂಪ್ಯೂಟರ್ ಏಳುವಾಗ ಚೀಟಿ ಕೊಡಲು ಯಾರಾದರೂ ಎಚ್ಚರವಿರಬೇಕು. ಇಂಟೆಲ್, ಎಎಂಡಿ, ಎನ್ವಿಡಿಯಾ ಯಾವುದಿದೆಯೋ ಆ ಕಂಪನಿಯ ಗ್ರಾಫಿಕ್ಸ್ ಡ್ರೈವರನ್ನೇ ಹಾಕಿ. ಎಚ್‌ಡಿಎಂಐ ಧ್ವನಿಯ ಡ್ರೈವರ್ ಅದರೊಳಗೇ ಬರುತ್ತದೆ.

ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಸಣ್ಣಕ್ಷರದಲ್ಲಿ ಎಂ, ಎಂ, ಎಸ್, ವೈ, ಎಸ್, ಚುಕ್ಕೆ, ಸಿ, ಪಿ, ಎಲ್ ಎಂದು ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಹಳೆಯ ಸೌಂಡ್ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್ ಪುಟದಲ್ಲಿ ನಿಮ್ಮ ರಿಸೀವರಿನ ಅಥವಾ ಟಿವಿಯ ಹೆಸರು ಇರಬೇಕು. ಬೇಡದವನ್ನು ಡಿಸೇಬಲ್ ಮಾಡಿ. ಬೇಕಾದ್ದನ್ನು ಒತ್ತಿ ಕಾನ್ಫಿಗರ್‌ಗೆ ಹೋಗಿ 5.1 ಅಥವಾ 7.1 ಆರಿಸಿ, ಟೆಸ್ಟ್ ಒತ್ತಿ ಒಂದೊಂದೇ ಸ್ಪೀಕರಿನಿಂದ ಶಬ್ದ ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ 48000 ಹರ್ಟ್ಜ್ ಇರಲಿ. ಅಲ್ಲೇ ಕೆಳಗೆ ಎಕ್ಸ್‌ಕ್ಲೂಸಿವ್ ಕಂಟ್ರೋಲ್ ಎಂಬ ಟಿಕ್ ಇರಲೇಬೇಕು. ಅದನ್ನು ತೆಗೆದರೆ ಪಾಸ್‌ಥ್ರೂ ಕೆಲಸ ಮಾಡುವುದಿಲ್ಲ.

ಟಿವಿ ಸ್ಪೀಕರಿನಲ್ಲಿ ಹಿನ್ನೆಲೆ ಸಂಗೀತ ಜೋರು, ಮಾತು ಮಾತ್ರ ಕೇಳುವುದೇ ಇಲ್ಲ ಎಂಬ ದೂರು ತುಂಬ ಬರುತ್ತದೆ. ಕಾರಣ ಇಷ್ಟೇ: ವಿಂಡೋಸಿನಲ್ಲಿ 5.1 ಎಂದಿದೆ, ತಲುಪುತ್ತಿರುವುದು ಎರಡೇ ಸ್ಪೀಕರಿಗೆ. ಸಿನಿಮಾದ ಮಾತು ಹೆಚ್ಚಾಗಿ ಇರುವುದು ಸೆಂಟರ್ ಚಾನೆಲಿನಲ್ಲಿ. ಆ ಚಾನೆಲ್ ಹೋಗಲು ಜಾಗವಿಲ್ಲದೆ ಕಳೆದುಹೋಗುತ್ತದೆ. ಕಾನ್ಫಿಗರ್‌ನಲ್ಲಿ ಸ್ಟೀರಿಯೋ ಮಾಡಿದರೆ ಮಾತು ಮರಳುತ್ತದೆ.

ಎರಡು ಸಾಧನ ಕಾಣುವ ದಾರಿಗಳಲ್ಲಿ, ವಿಂಡೋಸ್ 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಧನ ಬದಲಿಸುವ ಪಟ್ಟಿ ಬರುತ್ತದೆ. ವಾಲ್ಯೂಮ್ ಮಿಕ್ಸರಿನಲ್ಲಿ ಒಂದೊಂದು ಆ್ಯಪಿಗೆ ಬೇರೆ ಸಾಧನ ಗೊತ್ತುಮಾಡಬಹುದು. ಬ್ರೌಸರ್ ಟಿವಿಗೆ, ಸಿನಿಮಾ ಪ್ಲೇಯರ್ ರಿಸೀವರಿಗೆ ಎಂದು ಒಮ್ಮೆ ಹಾಕಿಟ್ಟರೆ ಮತ್ತೆ ಮುಟ್ಟಬೇಕಾಗಿಲ್ಲ.

ಹಂತ 6: ಕೋಡಿಯಲ್ಲಿ

ಎಚ್‌ಟಿಪಿಸಿಯಲ್ಲಿ ಹೆಚ್ಚಿನವರು ಬಳಸುವ ಪ್ಲೇಯರ್ ಕೋಡಿ. ಸೆಟ್ಟಿಂಗ್ಸ್, ಸಿಸ್ಟಂ, ಆಡಿಯೋಗೆ ಹೋಗಿ. ಕೆಳಗಿನ ಎಡ ಮೂಲೆಯ ಮಟ್ಟವನ್ನು ಎಕ್ಸ್‌ಪರ್ಟ್ ಮಾಡಿ, ಇಲ್ಲದಿದ್ದರೆ ಅರ್ಧ ಸಾಲುಗಳು ಕಾಣುವುದಿಲ್ಲ.

ದಾರಿ ಒಂದರಲ್ಲಿ ಚಾನೆಲ್ ಸಂಖ್ಯೆಗೆ ನಿಮ್ಮ ಸ್ಪೀಕರುಗಳಷ್ಟೇ ಹಾಕಿ, ಮೊದಲಿಗೆ ಪಾಸ್‌ಥ್ರೂ ಆಫ್ ಇರಲಿ. ಕೋಡಿಯೇ ಪೊಟ್ಟಣ ಬಿಚ್ಚಿ ಪಿಸಿಎಂ ಕೊಡುತ್ತದೆ. ಎಚ್‌ಡಿಎಂಐಯಲ್ಲಿ ಅದು ಪೂರ್ಣ 7.1ರವರೆಗೆ ಹೋಗುತ್ತದೆ, ಗುಣಮಟ್ಟದಲ್ಲಿ ನಷ್ಟವಿಲ್ಲ. ಅಟ್ಮಾಸ್, ಡಿಟಿಎಸ್ ಎಕ್ಸ್‌ನ ಮೇಲಿನ ಸ್ಪೀಕರುಗಳ ಧ್ವನಿ ಬೇಕೆನ್ನುವವರಿಗೆ ಮಾತ್ರ ಪಾಸ್‌ಥ್ರೂ ಅನಿವಾರ್ಯ. ಈ ಸಲಹೆಗೆ ಕಾರಣವಿದೆ. ಪಾಸ್‌ಥ್ರೂ ಆನ್ ಇಟ್ಟು ಒಂದು ದಿನ ರಿಸೀವರ್ ಆಫ್ ಮಾಡಿ ಸಿನಿಮಾ ಹಾಕಿದರೆ, ಪೊಟ್ಟಣ ಬಿಚ್ಚಲು ಬಾರದ ಟಿವಿ ಸುಮ್ಮನೆ ಕೂರುತ್ತದೆ. ಚಿತ್ರವಿದೆ, ಧ್ವನಿಯಿಲ್ಲ. "ರಿಸೀವರ್ ಆಫ್ ಮಾಡಿದರೆ ಟಿವಿಯಲ್ಲಿ ಕೆಲವು ಸಿನಿಮಾಕ್ಕೆ ಮಾತ್ರ ಸೌಂಡ್ ಇಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇದೇ. ಅಟ್ಮಾಸ್ ಬೇಕೇ ಬೇಕು ಎನ್ನುವವರು ಟಿವಿಯಲ್ಲಿ ಕೇಳುವ ದಿನ, ವಿಡಿಯೋ ಓಡುತ್ತಿರುವಾಗಲೇ ಆಡಿಯೋ ಸೆಟ್ಟಿಂಗ್ಸ್ ತೆರೆದು ಪಾಸ್‌ಥ್ರೂ ಟಿಕ್ ತೆಗೆಯಬಹುದು. ಪಾಸ್‌ಥ್ರೂ ಇಲ್ಲದೆಯೂ ಟಿವಿಯಲ್ಲಿ ಮಾತು ಮಸುಕಾದರೆ ಚಾನೆಲ್ ಸಂಖ್ಯೆಯನ್ನು 2.0 ಮಾಡಿ.

ಸಾದಾ ಎಆರ್‌ಸಿಯ ದಾರಿ ಎರಡರಲ್ಲಿ ಚಾನೆಲ್ 2.0, ಪಾಸ್‌ಥ್ರೂ ಆನ್, ಡಾಲ್ಬಿ ಡಿಜಿಟಲ್ ಆನ್, ಅದರ ಕೆಳಗಿನ ಟ್ರಾನ್ಸ್‌ಕೋಡಿಂಗ್ ಕೂಡ ಆನ್. ಟ್ರಾನ್ಸ್‌ಕೋಡಿಂಗ್ ಅಂದರೆ ಬೇರೆ ಬಗೆಯ 5.1 ಧ್ವನಿಯನ್ನು ಕೋಡಿ ಬಿಚ್ಚಿ ಡಾಲ್ಬಿ ಡಿಜಿಟಲ್ ಆಗಿ ಮತ್ತೆ ಕಟ್ಟುವುದು. ಟಿವಿ ತಡೆಯುವ ಡಿಟಿಎಸ್ ಕೂಡ ಈ ವೇಷದಲ್ಲಿ ದಾಟುತ್ತದೆ. ಅದಕ್ಕಾಗಿ ಡಿಟಿಎಸ್ ಟಿಕ್ ಮಾತ್ರ ಆಫ್ ಇರಬೇಕು. ಚಾನೆಲ್ 2.0 ಅಲ್ಲದಿದ್ದರೆ ಈ ಸಾಲು ಕೆಲಸಕ್ಕೆ ಬರುವುದಿಲ್ಲ. 5.1 ಬೇಕಾದವರು 2.0 ಹಾಕಬೇಕು ಎಂಬುದು ವಿಚಿತ್ರವಾಗಿ ಕಂಡರೂ ಹಾಗೆಯೇ ಮಾಡಿ.

ದಾರಿ ಮೂರರವರಿಗೆ ಕೋಡಿಯಲ್ಲಿ ಒಂದು ವರವಿದೆ. ಆಡಿಯೋ ಔಟ್‌ಪುಟ್ ಸಾಧನ ಬೇರೆ, ಪಾಸ್‌ಥ್ರೂ ಔಟ್‌ಪುಟ್ ಸಾಧನ ಬೇರೆ ಎಂದು ಎರಡು ಸಾಲು ಇವೆ. ಮೊದಲನೆಯದಕ್ಕೆ ಎಚ್‌ಡಿಎಂಐ, ಅಂದರೆ ಟಿವಿ. ಎರಡನೆಯದಕ್ಕೆ ಆಪ್ಟಿಕಲ್, ಅಂದರೆ ರಿಸೀವರ್. ಡಾಲ್ಬಿ, ಡಿಟಿಎಸ್ ಎರಡನ್ನೂ ಟಿಕ್ ಮಾಡಿ. ಇನ್ನು ಮುಂದೆ 5.1 ಸಿನಿಮಾ ಹಾಕಿದರೆ ತಾನಾಗಿ ರಿಸೀವರಿನಲ್ಲಿ. ತಾಳಮದ್ದಳೆಯ ಸ್ಟೀರಿಯೋ ರೆಕಾರ್ಡಿಂಗ್ ಅಥವಾ ಎಂಪಿ3 ಹಾಕಿದರೆ ತಾನಾಗಿ ಟಿವಿಯಲ್ಲಿ. ಯಾರೂ ಏನೂ ಒತ್ತಬೇಕಾಗಿಲ್ಲ. ಹಳೆಯ ಡಿವಿಡಿಗಳಲ್ಲಿ ಎರಡೇ ಚಾನೆಲಿನ ಧ್ವನಿಯೂ ಡಾಲ್ಬಿ ಪೊಟ್ಟಣದಲ್ಲಿ ಇರುವುದುಂಟು, ಅವು ರಿಸೀವರಿಗೆ ಹೋಗುತ್ತವೆ.

ಪ್ರತಿ ಹಾಡಿನ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ ಕೋಡಿಯ "ಕೀಪ್ ಆಡಿಯೋ ಡಿವೈಸ್ ಅಲೈವ್" ಅನ್ನು ಆಲ್ವೇಸ್ ಮಾಡಿ. ಮೌನದಲ್ಲಿ ಎಚ್‌ಡಿಎಂಐ ಧ್ವನಿ ನಿದ್ದೆ ಹೋಗಿ, ಏಳಲು ಒಂದೆರಡು ಸೆಕೆಂಡು ತೆಗೆದುಕೊಳ್ಳುವುದರಿಂದ ಹೀಗಾಗುತ್ತದೆ.

ಹಂತ 7: ಒಂದೇ ಹೊತ್ತಿಗೆ ಎರಡರಲ್ಲೂ ಬೇಕಾದವರಿಗೆ

ದಾರಿ ಒಂದರಲ್ಲಿ, ರಿಸೀವರಿನ ಮೆನುವಿನಲ್ಲಿ ಟಿವಿ ಮತ್ತು ಆಂಪ್ ಎರಡೂ ಎಂಬ ಆಯ್ಕೆ ಇದ್ದರೆ ಅಷ್ಟೇ ಸಾಕು. ಅಜ್ಜಿಯ ಹೆಡ್‌ಫೋನನ್ನು ಟಿವಿಯ ಹೆಡ್‌ಫೋನ್ ಕಿಂಡಿಗೆ ಹಾಕಿ. ರಿಸೀವರಿನ ಕಿಂಡಿಗೆ ಹಾಕಿದರೆ ಅದರ ಸ್ಪೀಕರುಗಳೆಲ್ಲ ಮೌನವಾಗುತ್ತವೆ. ಬ್ಲೂಟೂತ್ ಹೆಡ್‌ಫೋನ್ ಬೇಡ. ಧ್ವನಿ ಎಷ್ಟು ತಡವಾಗುತ್ತದೆಂದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಉದ್ದದ ವಯರಿನದ್ದೇ ಹಿತ.

ಎರಡು ಸಾಧನ ಕಾಣುವ ದಾರಿಗಳಲ್ಲಿ, ವಿಂಡೋಸ್ ತಾನಾಗಿ ಎರಡಕ್ಕೆ ಒಟ್ಟಿಗೆ ಕಳುಹಿಸುವುದಿಲ್ಲ. ವಾಯ್ಸ್‌ಮೀಟರ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಮೆಚ್ಚಿದರೆ ಹಣ ಕೊಡಿ ಎಂಬ ಕ್ರಮದ್ದು. ಹಾಕಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಲೇಬೇಕು. ವಿಂಡೋಸಿನ ಡಿಫಾಲ್ಟ್ ಸಾಧನವಾಗಿ ವಾಯ್ಸ್‌ಮೀಟರ್ ಇನ್‌ಪುಟ್ ಇಡಿ. ಅದರೊಳಗೆ ಎ1ಕ್ಕೆ ರಿಸೀವರ್, ಎ2ಕ್ಕೆ ಟಿವಿ ಕೊಡಿ. ಎರಡೂ ಸಾಧನಗಳು 48000 ಹರ್ಟ್ಜ್‌ನಲ್ಲೇ ಇರಬೇಕು. ಒಂದು 44100, ಒಂದು 48000 ಆದರೆ ಟಿಕ್ ಟಿಕ್ ಶಬ್ದ, ನಡುವೆ ತುಂಡಾಗುವುದು ಶುರುವಾಗುತ್ತದೆ. ಒಂದು ಮುಂದೆ ಒಂದು ಹಿಂದೆ ಕೇಳಿದರೆ ಅದರ ಸಿಸ್ಟಂ ಸೆಟ್ಟಿಂಗ್ಸಿನಲ್ಲಿ ಸಿಂಕ್ರೋ ಡಿಲೇ ಎಂಬಲ್ಲಿ ಮುಂದೆ ಓಡುವುದನ್ನು ತಡಮಾಡಿ. ಈ ವಿಧಾನದಲ್ಲಿ ಪಿಸಿಎಂ ಮಾತ್ರ ಹೋಗುತ್ತದೆ. ಪಾಸ್‌ಥ್ರೂ ಆನ್ ಇದ್ದರೆ ವಾಯ್ಸ್‌ಮೀಟರನ್ನು ದಾಟಿ ಒಂದೇ ಕಡೆ ಹೋಗುತ್ತದೆ ಅಥವಾ ಎಲ್ಲಿಯೂ ಬರುವುದಿಲ್ಲ.

ಲಿನಕ್ಸ್ ಬಳಸುವವರಿಗೆ ಕೆಲಸ ಕಡಿಮೆ. ಪಲ್ಸ್ ಆಡಿಯೋ ಇದ್ದರೆ ಪಾಪ್ರೆಫ್ಸ್ ಎಂಬ ಚಿಕ್ಕ ಉಪಕರಣ ಹಾಕಿ, ಸೈಮಲ್ಟೇನಿಯಸ್ ಔಟ್‌ಪುಟ್ ಎಂಬ ಪುಟದ ಒಂದು ಟಿಕ್ ಒತ್ತಿದರೆ ಎಲ್ಲ ಸೌಂಡ್ ಕಾರ್ಡುಗಳನ್ನೂ ಸೇರಿಸಿದ ಹೊಸ ಸಾಧನ ಸಿಗುತ್ತದೆ.

ಹಂತ 8: ತುಟಿಗೂ ಮಾತಿಗೂ ಹೊಂದಿಸುವುದು

ಟಿವಿ ಚಿತ್ರವನ್ನು ತಿದ್ದಿ ತೀಡಲು ಸಮಯ ತೆಗೆದುಕೊಳ್ಳುತ್ತದೆ, ರಿಸೀವರ್ ಅಷ್ಟರಲ್ಲಿ ಧ್ವನಿ ಹೊರಡಿಸಿರುತ್ತದೆ. ಟಿವಿ ಸ್ಪೀಕರಿನಲ್ಲಿ ಸರಿ, ರಿಸೀವರಿನಲ್ಲಿ ಧ್ವನಿ ಮುಂದೆ ಎಂದರೆ ಇದೇ. ಮೊದಲು ಟಿವಿಯಲ್ಲಿ ಆ ಕಿಂಡಿಯ ಹೆಸರನ್ನು ಪಿಸಿ ಎಂದು ಬದಲಿಸಿ ಅಥವಾ ಗೇಮ್ ಮೋಡ್ ಹಾಕಿ, ವಿಳಂಬ ಇಳಿಯುತ್ತದೆ. ಉಳಿದದ್ದನ್ನು ರಿಸೀವರಿನ ಆಡಿಯೋ ಡಿಲೇಯಲ್ಲಿ 10 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡು, ಅದಕ್ಕಿಂತ ನುಣ್ಣಗೆ ಹೊಂದಿಸಲು ಒದ್ದಾಡಬೇಡಿ. ಪರೀಕ್ಷೆಗೆ ಚೆಂಡೆಯ ಹತ್ತಿರದ ದೃಶ್ಯ ತುಂಬ ಒಳ್ಳೆಯದು: ಕೋಲು ಚರ್ಮಕ್ಕೆ ತಾಗಿದ ಕ್ಷಣವೇ ಪೆಟ್ಟು ಕೇಳಬೇಕು. ಧ್ವನಿ ಹಿಂದೆ ಬೀಳುತ್ತಿದ್ದರೆ ರಿಸೀವರಿನಿಂದ ಆಗದು. ಕೋಡಿಯ ಆಡಿಯೋ ಆಫ್‌ಸೆಟ್‌ನಲ್ಲಿ ಧ್ವನಿಯನ್ನು ಮುಂದಕ್ಕೆ ತನ್ನಿ.

ಹಂತ 9: ಹಮ್ಮಿಂಗ್, ಉಪ್ಪುಗಾಳಿ, ಸಿಡಿಲು

ಎಲ್ಲ ಸರಿಯಾಗಿ ಜೋಡಿಸಿದ ಮೇಲೆ ಸ್ಪೀಕರಿನಲ್ಲಿ "ಹೂಂ" ಎಂಬ ಶಬ್ದ ಬಂದರೆ ಕೇಬಲ್ ಟಿವಿ ಅಥವಾ ಡಿಶ್ಶಿನ ದಪ್ಪ ವಯರನ್ನು ಟಿವಿ ಅಥವಾ ಪೆಟ್ಟಿಗೆಯಿಂದ ತಿರುಗಿಸಿ ತೆಗೆಯಿರಿ. ಶಬ್ದ ನಿಂತರೆ ಅದು ಗ್ರೌಂಡ್ ಲೂಪ್: ಆ ವಯರಿನ ಅರ್ಥಿಂಗೂ ನಿಮ್ಮ ಮೂರು ಪಿನ್ನಿನ ಅರ್ಥಿಂಗೂ ಬೇರೆ ಬೇರೆಯಾಗಿ, ನಡುವೆ ವಿದ್ಯುತ್ ಸುತ್ತುತ್ತಿದೆ. ಆ ದಪ್ಪ ವಯರಿಗೆ ಐಸೋಲೇಟರ್ ಹಾಕಿ, ಅಥವಾ ಧ್ವನಿಯನ್ನು ಆಪ್ಟಿಕಲಿನಲ್ಲಿ ಕೊಡಿ. ಆಪ್ಟಿಕಲಿನಲ್ಲಿ ಹೋಗುವುದು ಬೆಳಕು, ಅದರ ಮೂಲಕ ಹಮ್ಮಿಂಗ್ ಬರಲಾರದು. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ಮಿಂಗ್ ನಿಂತೀತು, ಆದರೆ ಪೆಟ್ಟಿಗೆ ಮುಟ್ಟಿದವರ ಜೀವಕ್ಕೆ ಅಪಾಯ.

ಮಲ್ಪೆ, ಪಡುಬಿದ್ರಿ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯ ಮನೆಗಳಲ್ಲಿ ಒಂದೆರಡು ವರ್ಷಕ್ಕೇ ಪ್ಲಗ್ಗುಗಳಿಗೆ ಕಿಲುಬು ಹಿಡಿಯುತ್ತದೆ. ಧ್ವನಿ ಆಗಾಗ ಕಡಿಯುವುದು, ಚಿತ್ರ ಒಂದು ಕ್ಷಣ ಕಪ್ಪಾಗುವುದು ಇದರ ಲಕ್ಷಣ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕರೆಂಟ್ ತೆಗೆದು ಎಲ್ಲ ಎಚ್‌ಡಿಎಂಐ ಪ್ಲಗ್ಗುಗಳನ್ನು ಕಿತ್ತು ಮತ್ತೆ ಚುಚ್ಚಿ. ಉಜ್ಜಾಟದಲ್ಲೇ ಎಷ್ಟೋ ಸರಿಯಾಗುತ್ತದೆ. ಹೆಚ್ಚು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಿ, ಪೂರ್ತಿ ಒಣಗಲು ಬಿಡಿ. ಸೀಮೆಎಣ್ಣೆ, ತೆಂಗಿನೆಣ್ಣೆ ಸವರಬೇಡಿ. ಕೆಂಪುಕಲ್ಲಿನ ಹೊರಗೋಡೆ ಮಳೆಗೆ ಒದ್ದೆಯಾಗುವ ಕಡೆ ರಿಸೀವರನ್ನು ಗೋಡೆಗೆ ತಾಗಿಸದೆ ಒಂದು ಗೇಣು ಮುಂದೆ ಇಡಿ.

ಸಿಡಿಲಿನ ಕಾಟ ನಮ್ಮಲ್ಲಿ ಹೆಚ್ಚು ಇರುವುದು ಜಡಿಮಳೆಯ ಜುಲೈಯಲ್ಲಲ್ಲ, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್ ನವೆಂಬರಿನಲ್ಲಿ. ಎಚ್‌ಡಿಎಂಐ ಕೇಬಲ್ ಟಿವಿ, ರಿಸೀವರ್, ಕಂಪ್ಯೂಟರ್ ಮೂರನ್ನೂ ಲೋಹದಿಂದ ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಕೇಬಲ್ ಟಿವಿಯ ವಯರಿನಲ್ಲಿ ಬಂದ ಹೊಡೆತ ಟಿವಿಯಲ್ಲಿ ನಿಲ್ಲದೆ ಮುಂದಿನ ಎರಡಕ್ಕೂ ಹರಿಯಬಹುದು. ಸ್ಪೈಕ್ ಗಾರ್ಡ್ ಇದನ್ನು ತಡೆಯಲಾರದು, ಗೋಡೆಯ ಸ್ವಿಚ್ ಆರಿಸಿದ್ದೂ ಸಾಲದು. ಮೋಡ ಕವಿಯತೊಡಗಿದಾಗಲೇ, ಗುಡುಗು ಕೇಳುವ ಮೊದಲೇ, ಮೂರರ ಪವರ್ ಪ್ಲಗ್ಗನ್ನೂ, ಕೇಬಲ್ ಅಥವಾ ಡಿಶ್ಶಿನ ವಯರನ್ನೂ, ಇಂಟರ್ನೆಟ್ಟಿನ ಲ್ಯಾನ್ ವಯರನ್ನೂ ಕಿತ್ತುಬಿಡಿ. ಗುಡುಗು ಶುರುವಾದ ಮೇಲೆ ವಯರು ಮುಟ್ಟಲು ಹೋಗಬೇಡಿ. ಮರುದಿನ ಚುಚ್ಚುವಾಗ ಮತ್ತೆ ಅದೇ ಕ್ರಮ: ಟಿವಿ, ರಿಸೀವರ್, ಕಂಪ್ಯೂಟರ್. ಕ್ರಮ ತಪ್ಪಿ ಧ್ವನಿ ಬಾರದಿದ್ದರೆ ರಿಸೀವರ್ ಆನ್ ಇರುವಾಗಲೇ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಸೆಟ್ಟಿಂಗ್ಸ್ ಮುಟ್ಟುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ.